ಆಯಿಯ ಹುಟ್ಟಿದ ದಾಖಲೆ, ಅಪ್ಪನ ಕಬ್ಬಿನ ಬಿಲ್ಲು

ಬೆಳಗಾವಿಯೊಳಗ ಗೋವಾವೇಸ್ ಅಂತ ಒಂದ್ ಸರ್ಕಲ್ ಐತಿ. ಬೋರ್ಡಿನ ಮ್ಯಾಲೆ ಬಸವೇಶ್ವರ ಸರ್ಕಲ್ ಅಂತ ಇದ್ರೂ ಆಟೋದಾವ್ರು ಇವತ್ತಿಗೂ ಗೋವಾವೇಸ್ ಅಂದ್ರನ ತಿರುಗಿ ನೋಡ್ತಾರ. ವೇಸ್ ಅಂದ್ರ ಮರಾಠಿಯೊಳಗ ಅಗಸಿ, ಗೋವಾ ಕಡೆ ಹೋಗೋ ಅಗಸಿ. ಹದಿನೈದು ವರ್ಷದಿಂದ ದಿನಾ ಅಲ್ಲೇ ಅಡ್ಡಾಡ್ತೀನಿ, ಒಮ್ಮೆನೂ ಆ ಹೆಸರಿನ ಬಗ್ಗೆ ವಿಚಾರ ಮಾಡಿದ್ದಿಲ್ಲ.

ಹೋದ ತಿಂಗಳ ಅಲ್ಲೇ ಒಂದ್ ಚಾದ ಅಂಗಡ್ಯಾಗ ಕಾಲೇಜಿನ ಗೆಳೆಯ ಸಿಕ್ಕ. ಖಾನಾಪುರ ಕಡೆಯಾಂವ, ಈಗ ಇಂಗ್ಲೆಂಡಿನ ಸ್ವಿಂಡನ್ ಅನ್ನೋ ಊರಾಗ ಗೋದಾಮಿನ ಕೆಲಸ ಮಾಡ್ತಾನ, ಎರಡು ವರ್ಷಕ್ಕೊಮ್ಮೆ ಬರ್ತಾನ, ಬಂದಾಗೊಮ್ಮೆ ನಾಲ್ಕು ಕಿಲೋ ಕುಂದಾ ಕಟ್ಟಿಸ್ಕೊಂಡು ಹೋಗ್ತಾನ. "ಅಲ್ಲೋ, ನಿನಗ ವೀಸಾ ಹೆಂಗ ಸಿಕ್ತು, ನಮ್ಮ ಮಾಮಾನ ಮಗ ಇಂಜಿನಿಯರಿಂಗ್ ಮಾಡಿ ಎರಡು ಸಲ ರಿಜೆಕ್ಟ್ ಆಗ್ಯಾನ" ಅಂದೆ. ಅಂವ ಚಾ ಊದ್ಕೋತ, "ವೀಸಾ ಯಾಕ ಬೇಕಲೇ, ನಾ ಹೋಗೋ ಮುಂದ ಪೋರ್ಚುಗೀಸ್ ಆಗೇ ಹೋಗಿದ್ದೆ" ಅಂದ.

ಚಾ ಆರಿ ಹೋತು, ಕತಿ ಮುಗೀಲಿಲ್ಲ. ಇವನ ಆಯಿ, ಅಂದ್ರ ಅಪ್ಪನ ಅವ್ವ, ಹುಟ್ಟಿದ್ದು ಗೋವಾದ ಸತ್ತರಿ ತಾಲೂಕಿನಾಗ, ಚೋರ್ಲಾ ಘಾಟ್ ಇಳದ್ರ ಸತ್ತರಿನ. ಲಗ್ನ ಆಗಿ ಘಾಟ್ ಹತ್ತಿ ಖಾನಾಪುರಕ್ಕ ಬಂದ್ಲು. ಅಕಿ ಹುಟ್ಟಿದಾಗ ಗೋವಾ ಪೋರ್ಚುಗೀಸರ ಕೈಯಾಗಿತ್ತು. 1961ರ ಡಿಸೆಂಬರ್ 19ಕ್ಕಿಂತ ಮೊದಲು ಗೋವಾ, ದಮನ್, ದೀವ್ ಒಳಗ ಹುಟ್ಟಿದವರನ್ನ ಪೋರ್ಚುಗಲ್ ಇವತ್ತಿಗೂ ತನ್ನ ಪ್ರಜೆ ಅಂತನ ಲೆಕ್ಕ ಹಿಡೀತೈತಿ, ಅವರ ಮಕ್ಕಳು ಮೊಮ್ಮಕ್ಕಳಿಗೂ ಆ ಹಕ್ಕು ಮುಟ್ಟತೈತಿ. ಹಂಗಾಗಿ ಯಾವುದೋ ಹಳೇ ರಿಜಿಸ್ಟರ್‌ದಾಗ ಪೋರ್ಚುಗೀಸ್ ಭಾಷಾದಾಗ ಬರದಿದ್ದ ಆಯಿಯ ಹುಟ್ಟಿದ ದಾಖಲೆ ಹುಡುಕಿ ತಗಿಸಿ, ಅದನ್ನ ಲಿಸ್ಬನ್‌ದಾಗ ನೋಂದಣಿ ಮಾಡಿಸಿ, ಆಮ್ಯಾಲೆ ಅವರಪ್ಪಂದು, ಆಮ್ಯಾಲೆ ಇವಂದು, ಹಿಂಗ ಮೂರು ತಲಿ ಕಾಗದ ಜೋಡಿಸಿ ಪಾಸ್‌ಪೋರ್ಟ್ ಮಾಡಿಸ್ಯಾನ. ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಟ್ಟಾನ, ಈಗ ಅಂವ ಇಲ್ಲಿಗೆ ಬರೂದು ಓಸಿಐ ಕಾರ್ಡ್ ಮ್ಯಾಲೆ, ಬ್ಯಾರೆ ದೇಶದ ಪ್ರಜೆ ಆದ ಭಾರತ ಮೂಲದವರಿಗೆ ಕೊಡೋ ಕಾರ್ಡ್. ಬ್ರಿಟನ್ ಯುರೋಪಿಯನ್ ಯೂನಿಯನ್‌ದಾಗ ಇದ್ದಾಗ ಪೋರ್ಚುಗೀಸ್ ಪಾಸ್‌ಪೋರ್ಟ್ ಇದ್ದವರು ಸೀದಾ ಹೋಗಿ ಇರಬಹುದಿತ್ತು, ಕೆಲಸ ಮಾಡಬಹುದಿತ್ತು. ಸ್ವಿಂಡನ್‌ದಾಗ ಗೋವಾದ ಮಂದಿ ಭಾಳ ಅದಾರಂತ, ಕೊಂಕಣಿ ಮಾತಾಡ್ಕೋತನ ದಿನಾ ಕಳೀತೈತಿ ಅಂದ.

ನನಗ ಒಂದ್ ತಿಳೀಲಿಲ್ಲ. ಪೋರ್ಚುಗಲ್ ಯುರೋಪಿನ ಸಮುದಾಯಕ್ಕ (ಇವತ್ತಿನ ಯುರೋಪಿಯನ್ ಯೂನಿಯನ್ನಿನ ಮೊದಲಿನ ರೂಪ) ಸೇರಿದ್ದು 1986ರಾಗ. ಗೋವಾ ಅವರ ಕೈಬಿಟ್ಟು ಅಷ್ಟೊತ್ತಿಗೆ ಇಪ್ಪತ್ತನಾಲ್ಕು ವರ್ಷ ಆಗಿತ್ತು. ಅಂದ್ರ ಗೋವಾ ಒಂದ್ ದಿನಾನೂ ಆ ಸಮುದಾಯದಾಗ ಇದ್ದಿದ್ದಿಲ್ಲ, ಆದ್ರೂ ಖಾನಾಪುರದ ಹುಡುಗ ಯುರೋಪಿನ ಪ್ರಜೆ ಆದ. ವಸಾಹತು ಹೋಗಿ ಎಷ್ಟೋ ವರ್ಷಕ್ಕ ಅದರ ಕಾಗದ ಕೆಲಸಕ್ಕ ಬಂತು.

ಹೋಗೋ ಮುಂದ ನಮ್ಮ ಹುಡುಗಿ ಕೈಯಾಗ ಒಂದು ಐದು ಯೂರೋ ನೋಟು ಇಟ್ಟ, ನೆನಪಿಗೆ ಇರಲಿ ಅಂತ. ಅಕಿ ಎಂಟನೇತ್ತೆ, ಮೊಬೈಲ್ ಕ್ಯಾಮೆರಾ ಹಿಡದು ಝೂಮ್ ಮಾಡಿ ನೋಡೂದು ಅಕಿ ಚಟ. ನೋಟಿನ ಹಿಂದಿನ ಬದಿ ಯುರೋಪಿನ ನಕಾಶೆ ಐತಿ, ಅದರ ಕೆಳಗ ಬಾಳ ಸಣ್ಣ ಸಣ್ಣ ಚೌಕಾ ಅದಾವು, ಚೌಕದೊಳಗ ಚುಕ್ಕಿ ಹಂಗ ಏನೋ. "ಪಪ್ಪಾ, ಇವೇನು?" ಅಂದ್ಲು. ಪ್ರಿಂಟಿಂಗ್ ತಪ್ಪಿರಬೇಕು ಅಂದೆ. ಅಲ್ಲ. ಅವು ಫ್ರೆಂಚ್ ಗಯಾನಾ, ಗ್ವಾಡೆಲೂಪ್, ಮಾರ್ಟಿನಿಕ್, ರಿಯೂನಿಯನ್. ಒಂದು ದಕ್ಷಿಣ ಅಮೆರಿಕಾದಾಗ, ಎರಡು ಕೆರಿಬಿಯನ್ ಸಮುದ್ರದಾಗ, ಒಂದು ನಮ್ಮ ಹಿಂದೂ ಮಹಾಸಾಗರದಾಗ, ಮಾರಿಷಸ್ ಮಗ್ಗಲಕ. ನಾಲ್ಕೂ ಯುರೋಪಿಯನ್ ಯೂನಿಯನ್‌ದಾಗನ ಅದಾವು, ಅಲ್ಲೆಲ್ಲ ಯೂರೋನ ನಡೀತೈತಿ. ಇನ್ನೂ ಮಜಾ ಅಂದ್ರ 2002ರ ಜನವರಿ 1ಕ್ಕ ಯೂರೋ ನೋಟು ಚಾಲ್ತಿಗೆ ಬಂದಾಗ ಹೊತ್ತು ಹುಟ್ಟೂ ಲೆಕ್ಕದಾಗ ರಿಯೂನಿಯನ್ ಮುಂದ ಇತ್ತಲ್ಲ, ಅಧಿಕೃತವಾಗಿ ಮೊದಲ ವ್ಯಾಪಾರ ಆಗಿದ್ದು ಅಲ್ಲೆ, ಒಂದ್ ಕಿಲೋ ಲಿಚಿ ಹಣ್ಣು. ಪ್ಯಾರಿಸ್ಸೂ ಅಲ್ಲ, ಬರ್ಲಿನ್ನೂ ಅಲ್ಲ, ಹಿಂದೂ ಮಹಾಸಾಗರದ ಒಂದು ನಡುಗಡ್ಡಿ, ಎಲ್ಲಿ ಪುದುಚೇರಿ, ಕಾರೈಕಾಲ್ ಕಡಿಂದ ಕಬ್ಬಿನ ತೋಟಕ್ಕ ಕೂಲಿಗೆ ಒಯ್ದ ತಮಿಳರ ಮರಿಮಕ್ಕಳು ಇವತ್ತೂ ಅದಾರೋ ಆ ನಡುಗಡ್ಡಿ.

(ಫ್ರೆಂಚ್ ಗಯಾನಾದ ಬಗ್ಗೆ ಇನ್ನೊಂದು. ಎತ್ತಿನ ಚಕ್ಕಡಿ ಮ್ಯಾಲೆ ಇಟ್ಟ ಒಂದ್ ಉಪಗ್ರಹದ ಫೋಟೋ ನೀವೆಲ್ಲ ನೋಡೇ ಇರ್ತೀರಿ, ಇಸ್ರೋದ ಆ್ಯಪಲ್. ಅದು 1981ರ ಜೂನ್ 19ಕ್ಕ ಹಾರಿದ್ದು ಅಲ್ಲಿನ ಕೌರೂದಿಂದ, ಏರಿಯಾನ್ ರಾಕೆಟ್ ಮ್ಯಾಲೆ. ಅಂದ್ರ ನಮ್ಮ ಚಕ್ಕಡಿ ಉಪಗ್ರಹ ಹತ್ತಿ ಹೋಗಿದ್ದು ಯುರೋಪಿನ ನೆಲದಿಂದ, ಆದ್ರ ಆ ಯುರೋಪು ಬ್ರೆಝಿಲ್‌ಗೆ ಹತ್ತಿದ್ದು.)

ನಾ ಹೈಸ್ಕೂಲಿನಾಗ ಸಮಾಜ ವಿಜ್ಞಾನ ಕಲಸಾಂವ. ಯುರೋಪಿಯನ್ ಯೂನಿಯನ್ ಬಗ್ಗೆ ಕೇಳಿದ್ರ ನಂದು ಆರು ಸಾಲಿನ ಉತ್ತರ ಬಾಯಿಪಾಠ: ಎರಡು ಮಹಾಯುದ್ಧ ಆದ್ವು, ಜನ ಸತ್ರು, ಫ್ರಾನ್ಸು ಜರ್ಮನಿ ಬುದ್ಧಿ ಕಲ್ತು ಕಲ್ಲಿದ್ದಲು ಮತ್ತು ಉಕ್ಕು ಹಂಚ್ಕೊಂಡ್ರು, 1957ರಾಗ ರೋಮ್ ಒಪ್ಪಂದ ಆತು, ಮುಂದ ಮಾರ್ಕೆಟ್ ಒಂದಾತು, ನೋಟು ಒಂದಾತು. ಬರದ್ರ ಪೂರಾ ಮಾರ್ಕ್ಸ್. ಆ ಚೌಕಾ ನೋಡಿದ ಮ್ಯಾಲೆ ರಾತ್ರಿ ಕುಂತು ಓದಾಕ ಶುರು ಮಾಡಿದೆ, ಓದಿದಂಗ ಓದಿದಂಗ ನನ್ನ ಆರು ಸಾಲಿನ ಮ್ಯಾಲೆ ನನಗ ನಾಚಿಕಿ ಬಂತು. ಆ ಉತ್ತರದಾಗ ಆಫ್ರಿಕಾ ಅನ್ನೋ ಶಬ್ದನ ಇಲ್ಲ. ಇದೆಲ್ಲಾ ಶುರು ಮಾಡಿದ್ದು ಫ್ರಾನ್ಸಿನ ವಿದೇಶಾಂಗ ಮಂತ್ರಿ ಶೂಮನ್ ಅವರ ಘೋಷಣೆ, 1950ರ ಮೇ 9ರದು, ಅದರಾಗನ ಐತಿ: ಯುರೋಪಿಗೆ ಬಲಾ ಬಂದ್ರ ತನ್ನ ಮುಖ್ಯ ಕೆಲಸದಾಗ ಒಂದಾದ ಆಫ್ರಿಕಾ ಖಂಡದ ಅಭಿವೃದ್ಧಿ ಅದು ಮಾಡಬಹುದು ಅಂತ. ಇವತ್ತು ಅವರು ಮೇ 9ಕ್ಕ ಯುರೋಪ್ ದಿನಾ ಅಂತ ಆಚರಿಸ್ತಾರ, ಆ ಸಾಲು ಓದೋರು ಎಷ್ಟು ಮಂದಿನೋ.

1957ರ ಮಾರ್ಚ್ 25ಕ್ಕ ರೋಮ್‌ದಾಗ ಸಹಿ ಮಾಡಿದ್ದು ಆರು ದೇಶ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ನಾವು ಆರು ಅಂತ ಕಲಸ್ತೀವಿ, ಆದ್ರ ಒಪ್ಪಂದದ 227ನೇ ಕಲಮು ತಗದು ನೋಡಿದ್ರ ಅದರಾಗ ಅಲ್ಜೀರಿಯಾ ಅಂತ ಹೆಸರು ಹಿಡದನ ಬರದಾರ. ಅವಾಗ ಫ್ರಾನ್ಸ್ ಅಲ್ಜೀರಿಯಾಕ್ಕ ವಸಾಹತು ಅನ್ನತಿದ್ದಿಲ್ಲ, ಅದು ನಮ್ಮ ದೇಶದ್ದ ಭಾಗ ಅಂತಿತ್ತು. ಹಂಗಂತ ಒಪ್ಪಂದದ ಎಷ್ಟೋ ನಿಯಮಾ, ಸರಕು ಸಾಗಾಣಿಕಿ, ಒಕ್ಕಲುತನ, ಪೈಪೋಟಿ, ಇವೆಲ್ಲ ಅಲ್ಜೀರಿಯಾಕ್ಕೂ ಲಾಗೂ ಅಂದ್ರು. ಆರೂ ದೇಶದ ಯುರೋಪಿನ ನೆಲಾ ಕೂಡಿಸಿದ್ರ ಸುಮಾರು 12 ಲಕ್ಷ ಚದರ ಕಿಲೋಮೀಟರ್. ಅಲ್ಜೀರಿಯಾ ಒಂದ 23.8 ಲಕ್ಷ. ಅಂದ್ರ ಯುರೋಪಿನ ಸಾಮಾನ್ಯ ಮಾರುಕಟ್ಟೆ ಹುಟ್ಟಿದ ದಿನ ಅದರ ನೆಲದಾಗ ಹೆಚ್ಚಿನ ಪಾಲು ಆಫ್ರಿಕಾದಾಗಿತ್ತು, ಸಹಾರಾ ಮರಳಿನಾಗ. ಮತ್ತ ಅದ ಹೊತ್ತಿಗೆ ಅದ ಅಲ್ಜೀರಿಯಾದಾಗ 1954ರಿಂದ ಶುರು ಆಗಿದ್ದ ಸ್ವಾತಂತ್ರ್ಯದ ಯುದ್ಧ ನಡದಿತ್ತು, ಫ್ರೆಂಚ್ ಸೈನಿಕರು ಆಲ್ಜೀರ್ಸ್ ಗಲ್ಲಿ ಗಲ್ಲಿಯೊಳಗ ಮಂದಿನ್ನ ಹಿಡದು ಹಿಂಸಾ ಮಾಡಾಕತ್ತಿದ್ರು. ರೋಮ್‌ದಾಗ ಶಾಂತಿಯ ಒಪ್ಪಂದ. ಒಂದ ವರ್ಷ, ಒಂದ ತಿಂಗಳ.

ಅಲ್ಜೀರಿಯಾ ಅಷ್ಟ ಅಲ್ಲ. ಒಪ್ಪಂದದ ನಾಲ್ಕನೇ ಭಾಗ ಪೂರಾ ಸಾಗರದಾಚೆ ದೇಶ ಮತ್ತು ಪ್ರದೇಶಗಳ ಬಗ್ಗೆನ ಐತಿ. ಫ್ರೆಂಚ್ ಪಶ್ಚಿಮ ಆಫ್ರಿಕಾ, ಫ್ರೆಂಚ್ ಭೂಮಧ್ಯ ಆಫ್ರಿಕಾ, ಮಡಗಾಸ್ಕರ್, ಬೆಲ್ಜಿಯನ್ ಕಾಂಗೋ, ಇಟಲಿ ನೋಡ್ಕೊಳ್ತಿದ್ದ ಸೊಮಾಲಿಯಾ, ಡಚ್ಚರ ನ್ಯೂ ಗಿನಿ, ಎಲ್ಲಾ ಪಟ್ಟಿಯೊಳಗ ಅದಾವು. ಪುದುಚೇರಿ ಮಾತ್ರ ಇಲ್ಲ. ಅದು 1954ರ ನವೆಂಬರ್ 1ಕ್ಕನ ನಮ್ಮ ಕೈಗೆ ಬಂದಿತ್ತು, ಫ್ರಾನ್ಸಿನ ಸಂಸತ್ತು ಮಂಜೂರಿ ಕೊಟ್ಟು ಕಾಗದಪತ್ರ ಮುಗಿಯೂದಕ್ಕ 1962 ಆದ್ರೂ. ಸ್ವಲ್ಪ ತಡಾ ಆಗಿದ್ರ ಪುದುಚೇರಿಯ ಹೆಸರೂ ಆ ಪಟ್ಟಿಯೊಳಗ ಕುಂದ್ರತಿತ್ತೇನೋ ಅಂತ ನನಗ ಅನಸ್ತೈತಿ.

ಇದನ್ನ ಒಳಗ ತಂದಿದ್ದು ಫ್ರಾನ್ಸ್. ಗೀ ಮೊಲೆ ಅಂತ ಪ್ರಧಾನಿ. ಅವರ ಅಡಚಣಿ ಏನಂದ್ರ ಫ್ರಾನ್ಸಿಗೂ ಅದರ ವಸಾಹತುಗಳಿಗೂ ನಡುವ ಮೊದಲಿಂದನೂ ಸುಂಕದಾಗ ರಿಯಾಯ್ತಿ ಇತ್ತು. ಫ್ರಾನ್ಸ್ ಒಂದ ಹೋಗಿ ಹೊಸಾ ಮಾರುಕಟ್ಟೆಯೊಳಗ ಕುಂತ್ರ ವಸಾಹತುಗಳು ಬಾಗಲ ಹೊರಗ ಉಳೀತಾವು. ಅದಕ್ಕ ಅವರು, ನಾವು ಬಂದ್ರ ಮನೀ ಮಂದಿನೆಲ್ಲಾ ಕಟ್ಕೊಂಡ ಬರ್ತೀವಿ, ಇಲ್ಲಂದ್ರ ಇಲ್ಲ ಅಂದ್ರು. ಅದರ ಜೋಡಿ ಇನ್ನೊಂದು ಮಾತು: ಈ ಪ್ರದೇಶಗಳಿಗೆ ರಸ್ತೆ, ಬಂದರು, ಸಾಲಿ, ದವಾಖಾನಿ ಕಟ್ಟೋ ಖರ್ಚು ನಾವ ಒಬ್ಬರ ಯಾಕ ಹೊರಬೇಕು, ಎಲ್ಲಾರೂ ಹಾಕ್ರಿ. ಜರ್ಮನಿಗೆ ಡಚ್ಚರಿಗೆ ಮನಸ್ಸಿದ್ದಿಲ್ಲ, ಇವರ ವಸಾಹತಿನ ಯುದ್ಧದಾಗ ನಾವ್ಯಾಕ ಕೈ ಹಾಕಬೇಕು ಅಂತ, ಆದ್ರ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್‌ಗೆ ಫ್ರಾನ್ಸ್ ಬೇಕಾಗಿತ್ತು, ಒಪ್ಪಿದ್ರು.

ಲೆಕ್ಕಾ ನೋಡ್ರಿ. ಐದು ವರ್ಷಕ್ಕ ಒಂದು ನಿಧಿ, ಯುರೋಪಿನ ಅಭಿವೃದ್ಧಿ ನಿಧಿ ಅಂತ, ಒಟ್ಟು 58.125 ಕೋಟಿ ಲೆಕ್ಕದ ಯೂನಿಟ್ (ಸಮುದಾಯ ತನ್ನ ಲೆಕ್ಕಕ್ಕಂತ ಇಟ್ಕೊಂಡಿದ್ದ ಹಣದ ಅಳತಿ). ಫ್ರಾನ್ಸ್ 20 ಕೋಟಿ ಹಾಕ್ತು, ಜರ್ಮನಿಯೂ 20 ಕೋಟಿ ಹಾಕ್ತು, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಏಳೇಳು ಕೋಟಿ, ಇಟಲಿ 4 ಕೋಟಿ, ಲಕ್ಸೆಂಬರ್ಗ್ ಪಾಪ 12.5 ಲಕ್ಷ. ಖರ್ಚು ಎಲ್ಲಿಗೆ ಹೋತು? 51.125 ಕೋಟಿ ಫ್ರಾನ್ಸಿನ ವಸಾಹತುಗಳಿಗೆ. ಜರ್ಮನಿಯ ವಸಾಹತುಗಳನ್ನ ಮೊದಲನೇ ಮಹಾಯುದ್ಧ ಮುಗದಾಗನ ಕಸ್ಕೊಂಡಿದ್ರು, ಒಂದು ಗುಂಟೆ ಇಲ್ಲದಾಂವ 20 ಕೋಟಿ ಕೊಟ್ಟ. ಬದಲಿಗೆ ಜರ್ಮನಿಯ ಕಂಪನಿಗಳಿಗೆ ಆ ಮಾರುಕಟ್ಟೆ ತಗದು ಕೊಟ್ರು, ಸುಮ್ಮ ಸುಮ್ಮನ ಯಾರೂ ರೊಕ್ಕಾ ಹಾಕಂಗಿಲ್ಲ ಬಿಡ್ರಿ. ಅಷ್ಟ ಅಲ್ಲ, ಜರ್ಮನ್ರು ಬಾಳಿಹಣ್ಣಿನ ಸಲುವಾಗಿ ಜಗಳಾ ತಗದು, ನಾವು ಲ್ಯಾಟಿನ್ ಅಮೆರಿಕಾದಿಂದ ತರೋ ಬಾಳಿಹಣ್ಣಿಗೆ ಸುಂಕ ಇರಬಾರದು ಅಂತ ಒಪ್ಪಂದಕ್ಕ ಬ್ಯಾರೆ ಒಂದು ಪುರವಣಿನ ಹಚ್ಚಿಸಿದ್ರು. ಖಂಡ ಒಂದಾಗೋ ಕಾಗದದಾಗ ಬಾಳಿಹಣ್ಣಿಗೂ ಒಂದು ಜಾಗಾ.

ಸಹಿ ಮಾಡಿದವರ ಪೈಕಿ ಆಫ್ರಿಕಾದ ಒಂದು ದೇಶಾನೂ ಇದ್ದಿದ್ದಿಲ್ಲ. ಐವರಿ ಕೋಸ್ಟಿನ ಊಫೆ-ಬ್ವಾನಿ ಅವಾಗ ಫ್ರೆಂಚ್ ಸರ್ಕಾರದಾಗ ಮಂತ್ರಿ ಆಗಿದ್ರು ಖರೆ, ಆದ್ರ ಅದು ಫ್ರಾನ್ಸಿನ ಮಂತ್ರಿ ಅಂತ. ಮುಂದ ಮೂರ ವರ್ಷಕ್ಕ, 1960ರಾಗ, ಆಫ್ರಿಕಾದ ಹದಿನೇಳು ದೇಶ ಒಂದ ವರ್ಷದಾಗ ಸ್ವತಂತ್ರ ಆದ್ವು. ಇನ್ನ ಈ ಒಪ್ಪಂದ ಹರೀತೈತಿ ಅಂತ ಅಂದ್ಕೊಂಡೆ ನಾ ಓದೋ ಮುಂದ. ಹರೀಲಿಲ್ಲ. 1963ರ ಜುಲೈ 20ಕ್ಕ ಕ್ಯಾಮರೂನಿನ ಯಾವುಂಡೆ ಊರಾಗ ಹದಿನೆಂಟು ಹೊಸಾ ಸ್ವತಂತ್ರ ದೇಶ ತಾವಾಗೇ ಬಂದು ಹೆಚ್ಚು ಕಡಿಮಿ ಅದ ಶರತ್ತಿಗೆ ಸಹಿ ಹಾಕಿದ್ವು.

ಘಾನಾದ ನಾಯಕ ಎನ್‌ಕ್ರುಮಾ ಅಂದ್ರ ಕೆಂಡಾಮಂಡಲ. ರೋಮ್ ಒಪ್ಪಂದಕ್ಕೂ, 1884-85ರಾಗ ಬರ್ಲಿನ್‌ದಾಗ ಕುಂತು ಆಫ್ರಿಕಾ ಹಂಚ್ಕೊಂಡಿದ್ದಕ್ಕೂ ಏನೂ ಫರಕ್ ಇಲ್ಲ ಅನ್ನೋ ಅರ್ಥದಾಗ ಮಾತಾಡಿದ್ರು. ಗಿನಿ ದೇಶದ ಸೆಕು ಟೂರೆ 1958ರ ಸೆಪ್ಟೆಂಬರ್ 28ರ ಜನಮತದಾಗ ಫ್ರಾನ್ಸಿಗೆ ಬ್ಯಾಡ ಅಂತ ಹೇಳಿಸಿ, ನಾಲ್ಕ ದಿನಕ್ಕ ಸ್ವತಂತ್ರ ಆಗಿ, ಯಾವುಂಡೆಗೂ ಹೋಗ್ಲಿಲ್ಲ. ಓದೋ ಮುಂದ ನನಗ ಇವರಿಬ್ಬರ ಮ್ಯಾಲೆ ಅಭಿಮಾನ ಉಕ್ಕಿ ಬಂತು, ಉಳಿದ ಹದಿನೆಂಟು ಮಂದಿ ಮ್ಯಾಲೆ ಸಿಟ್ಟು. ಅಲ್ಲಾ, ಈಗರೆ ಬಿಡುಗಡಿ ಆಗೀರಿ, ಮತ್ಯಾಕ ಅಲ್ಲೇ ಹೋಗಿ ಕೊಳ್ಳು ಕೊಡ್ತೀರಿ ಅಂತ.

ಆ ಸಿಟ್ಟು ಇಳಿಸಿದ್ದು ನಮ್ಮಪ್ಪ. ಅಂವ ರಾಯಬಾಗ ತಾಲೂಕಿನ ನಮ್ಮ ಹಳ್ಳ್ಯಾಗ ಆರು ಎಕರೆ ಕಬ್ಬು ಹಚ್ಚಾಂವ. ಶನಿವಾರ ಊರಿಗೆ ಹೋದಾಗ ಕಟ್ಟಿ ಮ್ಯಾಲೆ ಕುಂತು ಇದೆಲ್ಲಾ ಹೇಳಿದೆ, ಸಾಲಿ ಹುಡುಗರಿಗೆ ಹೇಳಿದಂಗ. ಪೂರಾ ಕೇಳಿ ಅಂದ, "ಮತ್ತ ಅವರು ಬೆಳದಿದ್ದ ಯಾರಿಗೆ ಮಾರಬೇಕಿತ್ತೋ?" ಕೋಕೋ, ಶೇಂಗಾ, ಕಾಫಿ, ಬಾಳಿ, ಇವೆಲ್ಲ ಐವತ್ತು ಅರವತ್ತು ವರ್ಷದಿಂದ ಒಂದ ದೇಶಕ್ಕ ಹೋಗೂಹಂಗ ಹಚ್ಚಿಸ್ಯಾರ, ರೈಲು ಹಾಕಿದ್ದೂ ಬಂದರಿಗೆ ಮುಟ್ಟೂಹಂಗ. ನಾವು ಫ್ಯಾಕ್ಟರಿಗೆ ದಿನಾ ಬೈತೀವಿ, ತೂಕದಾಗ ಹೊಡದ್ರು, ರಿಕವರಿ (ನೂರು ಕಿಲೋ ಕಬ್ಬಿಗೆ ಎಷ್ಟು ಸಕ್ರಿ ಅನ್ನೋ ಲೆಕ್ಕ) ಕಡಿಮಿ ತೋರ್ಸಿದ್ರು, ಬಿಲ್ಲು ತಡಾ ಮಾಡಿದ್ರು ಅಂತ, ಆದ್ರ ಹಂಗಾಮು ಶುರು ಆತಂದ್ರ ಗ್ಯಾಂಗ್ ಕಳಸ್ರಿ, ಚೀಟಿ ಕೊಡ್ರಿ ಅಂತ ಅದ ಫ್ಯಾಕ್ಟರಿ ಮುಂದ ಹೋಗಿ ನಿಲ್ತೀವಿ. ಕಡದ ಕಬ್ಬು ಎರಡು ದಿನಾ ಹೊಲದಾಗ ಬಿದ್ರ ತೂಕ ಹೋತು. 2025ರ ನವೆಂಬರಿನಾಗ ಗುರ್ಲಾಪುರ ಕ್ರಾಸ್‌ದಾಗ ಟನ್ನಿಗೆ 3,500 ಬೇಕು ಅಂತ ಸಾವಿರಾರು ಮಂದಿ ರಸ್ತೆ ಮ್ಯಾಲೆ ಕುಂತಿದ್ರಲ್ಲ, ಅವಾಗೂ ಎಲ್ಲಾರ ಕಣ್ಣು ಹಿಂದ ಹೊಲದಾಗ ನಿಂತಿದ್ದ ಕಬ್ಬಿನ ಮ್ಯಾಲೇ ಇತ್ತು. ಗಿನಿ ಸೈತ ಮುಂದ 1975ರಾಗ, ಯಾವುಂಡೆ ಒಪ್ಪಂದದ ಜಾಗಕ್ಕ ಬಂದ ಲೋಮೆ ಒಪ್ಪಂದಕ್ಕ ಸಹಿ ಹಾಕ್ತು. ಘಾನಾನೂ ಹಾಕ್ತು.

ಈಗ ಪೋರ್ಚುಗಲ್‌ಗೆ ಬರೂಣು, ನನ್ನ ಗೆಳೆಯನ ದೇಶಕ್ಕ. ಇದು ಪೂರಾ ಉಲ್ಟಾ. ಗೋವಾವನ್ನ ಪೋರ್ಚುಗೀಸರು 1510ರಾಗ ತಗೊಂಡಿದ್ದು ಬ್ಯಾರೆ ಯಾರಿಂದಲೂ ಅಲ್ಲ, ನಮ್ಮ ವಿಜಾಪುರದ ಆದಿಲ್‌ಶಾಹಿಯಿಂದ. (ವಿಜಾಪುರದವರು ಗೋಳಗುಮ್ಮಟದ ಬಗ್ಗೆ ಜಂಭ ಕೊಚ್ಕೊಳ್ಳೋ ಮುಂದ ಈ ಮಾತು ಯಾಕ ಎತ್ತಂಗಿಲ್ಲೋ.) 451 ವರ್ಷ ಇಟ್ಕೊಂಡ್ರು. 1951ರಾಗ ಅಲ್ಲಿನ ಸರ್ವಾಧಿಕಾರಿ ಸಾಲಾಜಾರ್ ಸರ್ಕಾರ ಸಂವಿಧಾನ ತಿದ್ದಿ, ಇವು ವಸಾಹತು ಅಲ್ಲ, ಸಾಗರದಾಚೆ ಪ್ರಾಂತ ಅಂತ ಹೆಸರು ಬದಲಿ ಮಾಡ್ತು. ಅಲ್ಜೀರಿಯಾದ್ದೂ ಅದ ರಾಗ ಅಲ್ಲೇನ್ರಿ. ಆದ್ರ ಪೋರ್ಚುಗಲ್ ರೋಮ್‌ಗೆ ಹೋಗ್ಲಿಲ್ಲ, 1960ರಾಗ ಬ್ರಿಟನ್ ಜೋಡಿ ಸೇರಿ ಎಫ್ಟಾ ಅನ್ನೋ ಬ್ಯಾರೆ ಗುಂಪು ಕಟ್ತು, ಅದು ಬರೇ ವ್ಯಾಪಾರದ ಗುಂಪು. 1961ರ ಡಿಸೆಂಬರಿನಾಗ ಗೋವಾ ಬಿಡಿಸ್ಕೊಳ್ಳಾಕ ಆಪರೇಷನ್ ವಿಜಯ್ ಆದಾಗ ಸೈನ್ಯ ಬಂದು ಬೀಡು ಬಿಟ್ಟಿದ್ದು ನಮ್ಮ ಬೆಳಗಾವಿಯೊಳಗ, ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಷನ್. ನಮ್ಮಜ್ಜ ಹೇಳ್ತಿದ್ದ, ರಾತ್ರಿಯೆಲ್ಲಾ ಲಾರಿ ಹೋಗೋ ಸಪ್ಪಳಕ್ಕ ಎತ್ತು ಮೇವು ತಿಂತಿದ್ದಿಲ್ಲ ಅಂತ. ಒಂದೂವರಿ ದಿನದಾಗ ಮುಗೀತು.

ಗೋವಾ ಹೋದ ಮ್ಯಾಲೂ ಪೋರ್ಚುಗಲ್ ಬುದ್ಧಿ ಕಲೀಲಿಲ್ಲ, ಅಂಗೋಲಾ, ಗಿನಿ-ಬಿಸಾವ್, ಮೊಝಾಂಬಿಕ್ ಮೂರೂ ಕಡೆ 1974ರ ತನಕ ಯುದ್ಧ ಮಾಡ್ತು. 1974ರ ಏಪ್ರಿಲ್ 25ಕ್ಕ ಅವರದ್ದ ಸೈನಿಕರು ತಿರುಗಿ ಬಿದ್ದು ಸರ್ಕಾರ ಕೆಡವಿದ್ರು. ವಸಾಹತು ಬಿಟ್ರು. ಅದ ವರ್ಷ ಡಿಸೆಂಬರ್ 31ಕ್ಕ ಗೋವಾ ಭಾರತದ್ದು ಅಂತ ಕಾಗದದ ಮ್ಯಾಲೆ ಒಪ್ಕೊಂಡ್ರು. 1977ರಾಗ ಯುರೋಪಿನ ಸಮುದಾಯಕ್ಕ ಅರ್ಜಿ ಹಾಕಿದ್ರು. ಅಂದ್ರ ಫ್ರಾನ್ಸ್ ಯುರೋಪಿನ ಮನೀಗೆ ವಸಾಹತು ಕಟ್ಕೊಂಡು ಬಂತು, ಪೋರ್ಚುಗಲ್ ವಸಾಹತು ಹೆಚ್ಚು ಕಡಿಮಿ ಎಲ್ಲಾ ಕೈಬಿಟ್ಟ ಮ್ಯಾಲೆ ಬಂತು. ನಡುವಿನ ಇಪ್ಪತ್ತು ವರ್ಷದಾಗ ಜಗತ್ತು ಅಷ್ಟು ಬದಲಿ ಆಗಿತ್ತು. ಮತ್ತ ಮೊರೊಕ್ಕೊ 1987ರಾಗ ನಮ್ಮನ್ನೂ ಸೇರಿಸ್ಕೊಳ್ರಿ ಅಂತ ಅರ್ಜಿ ಹಾಕಿದ್ರ, ನೀವು ಯುರೋಪಿನ ದೇಶ ಅಲ್ಲ ಅಂತ ವಾಪಸ್ ಕಳಸಿದ್ರು. ಅದರ ಮಗ್ಗಲದ ಮನಿ ಅಲ್ಜೀರಿಯಾ ಮೂವತ್ತು ವರ್ಷದ ಹಿಂದ ಒಪ್ಪಂದದೊಳಗನ ಇತ್ತು. ಭೂಗೋಳ ಕಲಸೋ ಮಾಸ್ತರ ನಾ, ಈ ಭೂಗೋಳ ನನಗ ತಿಳಿಯಂಗಿಲ್ಲ.

ಈಗ ಅಪ್ಪನ ವಿಷಯ, ಸಕ್ರಿ. ಇಷ್ಟೊತ್ತು ಹೇಳಿದ್ದಕ್ಕಿಂತ ಇದ ನನಗ ಹೆಚ್ಚು ಚುಚ್ಚಿದ್ದು.

ಯುರೋಪಿನ್ಯಾಗ ಸಕ್ರಿ ಮಾಡೂದು ಬೀಟ್ ಗಡ್ಡಿಯಿಂದ, ನಾವು ತಿನ್ನೋ ಕೆಂಪು ಬೀಟ್‌ರೂಟ್ ಅಲ್ಲ, ಬೆಳ್ಳಗ ಮೂಲಂಗಿ ಹಂಗ ದಪ್ಪಗ ಇರ್ತೈತಿ. ನೆಪೋಲಿಯನ್ ಕಾಲಕ್ಕ ಇಂಗ್ಲೀಷರು ಸಮುದ್ರ ಬಂದ್ ಮಾಡಿದಾಗ ಕೆರಿಬಿಯನ್ ಕಬ್ಬಿನ ಸಕ್ರಿ ಬರೂದು ನಿಂತು, ಅವಾಗ ಫ್ರಾನ್ಸಿನ್ಯಾಗ ಬೀಟ್ ಸಕ್ರಿ ಬೆಳೀತು. ಬ್ರಿಟನ್ ಮಾತ್ರ ಹೆಚ್ಚಾಗಿ ಕಬ್ಬಿನ ಸಕ್ರಿ ಮ್ಯಾಲೇ ನಿಂತಿತ್ತು, ಮಾರಿಷಸ್, ಜಮೈಕಾ, ಗಯಾನಾ (ಫ್ರೆಂಚರದ್ದಲ್ಲ, ಬ್ರಿಟಿಷರದ್ದು), ಫಿಜಿ, ಇಲ್ಲೆಲ್ಲಾ ಕಚ್ಚಾ ಸಕ್ರಿ ಮಾಡಿಸಿ ಹಡಗಿನಾಗ ತರಿಸಿ ತನ್ನ ರಿಫೈನರಿಯೊಳಗ ಬೆಳ್ಳಗ ಮಾಡ್ತಿತ್ತು. ಈ ದೇಶಗಳಾಗ ಕಬ್ಬು ಕಡದಿದ್ದು, ಫಿಜಿ ಒಂದು ಬಿಟ್ಟು, ಮೊದಲು ಆಫ್ರಿಕಾದ ಗುಲಾಮರು, ಆಮ್ಯಾಲೆ ನಮ್ಮ ದೇಶದಿಂದ ಕರಾರಿನ ಮ್ಯಾಲೆ ಒಯ್ದ ಕೂಲಿಗಳು. 1973ರ ಜನವರಿ 1ಕ್ಕ ಬ್ರಿಟನ್ ಯುರೋಪಿನ ಸಮುದಾಯಕ್ಕ ಸೇರಿತಲ್ಲ, ಅವಾಗ ಈ ಸಕ್ರಿ ಏನ್ ಮಾಡೂದು ಅನ್ನೂದ ದೊಡ್ಡ ಪ್ರಶ್ನೆ. ಬೀಟ್ ಬೆಳೆಯೋ ಫ್ರೆಂಚ್ ರೈತರು ಬ್ಯಾಡ ಅಂದ್ರು. ಆದ್ರ 1974ರಾಗ ಜಗತ್ತಿನ ಮಾರ್ಕೆಟ್‌ದಾಗ ಸಕ್ರಿ ರೇಟು ಒಮ್ಮಿಂದೊಮ್ಮೆ ಮುಗಿಲಿಗೇರ್ತು, ಬ್ರಿಟನ್ನಿನ ಅಂಗಡ್ಯಾಗ ಸಕ್ರಿ ಸಿಗದಂಗಾತು, ಕಬ್ಬಿನ ದೇಶಗಳ ಕೈ ಮ್ಯಾಲಾತು.

1975ರ ಫೆಬ್ರುವರಿ 28ಕ್ಕ ಟೋಗೋದ ಲೋಮೆಯೊಳಗ ಯುರೋಪಿನ ಒಂಬತ್ತು ದೇಶ ಮತ್ತು ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ನ 46 ದೇಶ ಸಹಿ ಹಾಕಿದ್ವು. ಅದರ ಜೋಡಿ ಸಕ್ರಿ ಪ್ರೋಟೋಕಾಲ್ ಅಂತ ಒಂದು, ವರ್ಷಕ್ಕ ಸುಮಾರು 13 ಲಕ್ಷ ಟನ್ ಕಬ್ಬಿನ ಸಕ್ರಿ ಗ್ಯಾರಂಟಿ ಬೆಲಿಗೆ ತಗೋತೀವಿ ಅಂತ, ಮುಗಿಯೂ ತಾರೀಖಿಲ್ಲ. ಆ ಗ್ಯಾರಂಟಿ ಬೆಲಿ ಯುರೋಪಿನ ಬೀಟ್ ಸಕ್ರಿ ರೇಟಿಗೆ ಸರಿಯಾಗಿ, ಅಂದ್ರ ಎಷ್ಟೋ ವರ್ಷ ಜಗತ್ತಿನ ರೇಟಿಗಿಂತ ಎರಡು ಮೂರು ಪಟ್ಟು. ಮಾರಿಷಸ್‌ಗೆ 4,87,200 ಟನ್. ಫಿಜಿಗೆ 1,63,600.

ಭಾರತಕ್ಕ? ಬ್ರಿಟನ್ನಿನ ಎಲ್ಲಕ್ಕಿಂತ ದೊಡ್ಡ ವಸಾಹತು ಆಗಿತ್ತಲ್ಲ, ಲೋಮೆಗೆ ನಮ್ಮನ್ನ ಕರೀಲೇ ಇಲ್ಲ. ಭಾರತ, ಪಾಕಿಸ್ತಾನ, ಶ್ರೀಲಂಕಾ, ಮಲೇಷ್ಯಾ, ಇವೆಲ್ಲ ಭಾಳ ದೊಡ್ಡವು, ಇವರನ್ನ ಒಳಗ ಬಿಟ್ರ ನಮ್ಮ ಗಿರಣಿ ಮುಚ್ಚತಾವು ಅನ್ನೋ ಭಯ ಅವರಿಗೆ, ಅದಕ್ಕ ಇವರಿಗೆ ಬರೇ ಒಂದು ಸದುದ್ದೇಶದ ಹೇಳಿಕೆ ಬರದು ಕೊಟ್ರು. ಸಕ್ರಿಯೊಳಗ ಮಾತ್ರ ಬ್ಯಾರೆ ಒಂದು ಸಣ್ಣ ಕರಾರು ಮಾಡಿ 25,000 ಟನ್ ಪಾಲು ಕೊಟ್ರು. ಅದೂ ಮುಂದ 10,000ಕ್ಕ ಇಳೀತು. ಬ್ರೆಕ್ಸಿಟ್ ಆಗಿ ಆ ಪಾಲನ್ನ ಬ್ರಿಟನ್ ಮತ್ತು ಯುರೋಪು ತಮ್ಮೊಳಗ ಹಂಚ್ಕೊಂಡ ಮ್ಯಾಲೆ ಯುರೋಪಿಗೆ ಉಳದಿದ್ದು 5,841 ಟನ್. ವರ್ಷಾ ನಮ್ಮ ಸರ್ಕಾರ ಅದಕ್ಕ ಒಂದು ಅಧಿಸೂಚನೆ ಹೊರಡಿಸ್ತೈತಿ.

ಅಪ್ಪ ಅಕ್ಷರಾ ಕಡಿಮಿ ಕಲ್ತಾಂವ, ಆದ್ರ ಕಬ್ಬಿನ ಲೆಕ್ಕದಾಗ ಯಾರಿಗೂ ಸೋಲಂಗಿಲ್ಲ. "ಎಷ್ಟಂದಿ? ಐದು ಸಾವಿರದ ಎಂಟನೂರು?" ಅಂದ. ದಿನಕ್ಕ ಐದು ಸಾವಿರ ಟನ್ ಕಬ್ಬು ಅರಿಯೋ ಫ್ಯಾಕ್ಟರಿ, ಹತ್ತೂವರಿ ರಿಕವರಿ ಹಿಡಿ, ದಿನಕ್ಕ ಐದನೂರಾ ಇಪ್ಪತ್ತೈದು ಟನ್ ಸಕ್ರಿ. "ಹನ್ನೊಂದು ದಿನದ ಕೆಲಸೋ ತಮ್ಮಾ. ಇಡೀ ದೇಶಕ್ಕೇನು ಇದು?" ಅಂದ. ನಾ ಹೂಂ ಅಂದೆ. ಒಂದು ಫ್ಯಾಕ್ಟರಿ, ಹನ್ನೊಂದು ದಿನ, ಅದೂ ಬೆಳಗಾವಿ ಜಿಲ್ಲಾದಾಗನ ಇಂಥಾವು ಎಷ್ಟು ಅದಾವು. ಮಾರಿಷಸ್ಸಿಂದು ಎಷ್ಟು ದಿನಾ ಆಕ್ಕಿತ್ತು ಅಂತ ಮೊಬೈಲ್‌ದಾಗ ತಗದೆ, ಸುಮಾರು 928 ದಿನಾ ಬಂತು. ಅಪ್ಪ ಅಡಕಿ ಹೋಳು ಬಾಯಾಗ ಹಾಕ್ಕೊಂಡು ಭಾಳ ಹೊತ್ತು ಸುಮ್ಮನ ಕುಂತ.

ಹಂಗಂತ ಆ 46 ದೇಶಕ್ಕ ಬಂಗಾರದ ಹೊಗಿ ಹೋತು ಅಂತಲ್ಲ. ಗ್ಯಾರಂಟಿ ಬೆಲಿ ಸಿಗತೈತಿ ಅಂತ ಬ್ಯಾರೆ ಬೆಳಿ ಕಡೆ ನೋಡ್ಲಿಲ್ಲ, ಸಣ್ಣ ಸಣ್ಣ ನಡುಗಡ್ಡಿ ಪೂರಾ ಕಬ್ಬ ಕಬ್ಬು. ಆಮ್ಯಾಲೆ ಬ್ರೆಝಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯೊಳಗ ಯುರೋಪಿನ ಸಕ್ರಿ ಸಬ್ಸಿಡಿ ಮ್ಯಾಲೆ ಕೇಸ್ ಹಾಕಿ ಗೆದ್ವು. ಯುರೋಪು 2006ರಾಗ ಸಕ್ರಿ ಬೆಲಿ ಶೇಕಡಾ 36 ಇಳಿಸಾಕ ಶುರು ಮಾಡ್ತು, ಮುಗಿಯೂ ತಾರೀಖಿಲ್ಲ ಅಂದಿದ್ದ ಪ್ರೋಟೋಕಾಲ್ 2009ರ ಸೆಪ್ಟೆಂಬರ್ 30ಕ್ಕ ಮುಗೀತು. ತಮ್ಮ ಬೀಟ್ ರೈತರಿಗೆ ಪರಿಹಾರ ಕೊಟ್ರು ಅನ್ರಿ. ಕೆರಿಬಿಯನ್ನಿನ ಸೇಂಟ್ ಕಿಟ್ಸ್, ಮುನ್ನೂರು ವರ್ಷಕ್ಕಿಂತ ಹೆಚ್ಚು ಕಬ್ಬು ಬೆಳದಿದ್ದ ನಡುಗಡ್ಡಿ, ಬೆಲಿ ಇಳಿಯೂದು ಗೊತ್ತಾಗಿ 2005ರಾಗನ ಸಕ್ರಿ ಉದ್ಯೋಗ ಪೂರಾ ಬಂದ್ ಮಾಡ್ತು. ಕಬ್ಬು ಸಾಗಸೋ ರೈಲಿತ್ತಂತ ಅಲ್ಲಿ, ಈಗ ಟೂರಿಸ್ಟರನ್ನ ಕುಂದರಿಸ್ಕೊಂಡು ಓಡಾಡ್ತೈತಿ.

ಇನ್ನೊಂದು ಕೊಂಡಿ ಇನ್ನೂ ಹಂಗ ಐತಿ, ಅದು ರೊಕ್ಕದ್ದು. ಆಫ್ರಿಕಾದ ಹದಿನಾಲ್ಕು ದೇಶದಾಗ ಸಿಎಫ್‌ಎ ಫ್ರಾಂಕ್ ಅನ್ನೋ ನಾಣ್ಯ ನಡೀತೈತಿ, ಫ್ರಾನ್ಸ್ 1945ರಾಗ ಹುಟ್ಟಿಸಿದ್ದು. 1999ರಾಗ ಫ್ರೆಂಚ್ ಫ್ರಾಂಕ್ ಹೋಗಿ ಯೂರೋ ಬಂದಾಗ ಇದನ್ನ ಬಿಡಬಹುದಿತ್ತು. ಬಿಡ್ಲಿಲ್ಲ, ಹಂಗ ಒಯ್ದು ಯೂರೋಕ್ಕ ಕಟ್ಟಿದ್ರು, ಒಂದು ಯೂರೋಕ್ಕ 655.957. ಜರ್ಮನಿಯ ಫ್ರಾಂಕ್‌ಫರ್ಟ್‌ದಾಗ ಕುಂತ ಯುರೋಪಿನ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದ್ರ ಸೆನೆಗಲ್ಲಿನ ಶೇಂಗಾ ಬೆಳಿಯಾಂವನ ಸಾಲದ ಮ್ಯಾಲೆ ಅದರ ಬಿಸಿ. ನನ್ನ ಪ್ರಕಾರ ರೋಮ್‌ದಾಗ ಬರದಿದ್ದ ನಾಲ್ಕನೇ ಭಾಗ ಇನ್ನೂ ಮುಗದಿಲ್ಲ, ಆ ಪುಟದ ಮ್ಯಾಲೆ ಬ್ಯಾರೆ ಬ್ಯಾರೆ ಹೆಸರು ಬರಕೋತ ಹೊಂಟಾರ ಅಷ್ಟ.

ಗೆಳೆಯ ವಾಪಸ್ ಹೋಗೋ ಹಿಂದಿನ ದಿನಾ ಅವರ ಮನೀಗೆ ಹೋಗಿದ್ದೆ, ಕುಂದಾ ಕೊಡಾಕ. ಆಯಿ ಪಡಸಾಲಿಯೊಳಗ ಕುಂತು ಕಾಜು ಬೀಜಾ ಒಡ್ಯಾಕತ್ತಿದ್ಲು, ಎಂಬತ್ತರ ಮ್ಯಾಲೆ ವಯಸ್ಸು, ಕೈ ಇನ್ನೂ ಚುರುಕು. "ಆಯಿ, ನಿಮ್ಮ ಹೆಸರು ಲಿಸ್ಬನ್‌ದಾಗ ಐತಂತಲ್ರಿ" ಅಂದೆ. ಅಕಿ ಕೊಂಕಣಿ ಕನ್ನಡ ಕೂಡಿಸಿ ಹೇಳಿದ್ಲು, ಸಣ್ಣಾಕಿ ಇದ್ದಾಗ ಪಣಜಿಗೆ ಒಮ್ಮೆ ಹೋಗಿದ್ದೆ, ದೋಣಿಯೊಳಗ ವಾಂತಿ ಆತು, ಅದ ಕಡೀಕ, ಮತ್ತ ಸಮುದ್ರದ ಕಡೆ ಹೋಗಿಲ್ಲ ಅಂತ. ಮೊಮ್ಮಗ ಬ್ಯಾಗ್ ತುಂಬ್ಕೋತ ನಕ್ಕ. ಆಯಿ ನನಗ ಒಂದ್ ಕೆಲಸಾ ಹೇಳಿದ್ಲು: ಅಕಿ ರೇಷನ್ ಕಾರ್ಡಿನಾಗ ಹೆಸರು ತಪ್ಪಾಗೈತಂತ, ಹೆಬ್ಬಟ್ಟೂ ಮಷೀನಿನಾಗ ಹೊಂದವಲ್ದಂತ, ಎರಡು ತಿಂಗಳದಿಂದ ಅಕ್ಕಿ ಕೊಟ್ಟಿಲ್ಲಂತ. ನೀ ಮಾಸ್ತರ ಅದೀಯಲ್ಲ, ಯಾರಿಗರೆ ಹೇಳಿ ಸರಿ ಮಾಡ್ಸು ಅಂದ್ಲು. ಆಧಾರ್ ಕಾರ್ಡಿನ ಝೆರಾಕ್ಸ್ ತಗೊಂಡು ಬಂದೀನಿ, ನಾಳಿಗೆ ಹೋಗಬೇಕು.